ಹಳೆಯ ಜೋಡಿನಳಿಗೆ ಕೋವಿಯ ಚೋಕ್ ಎಷ್ಟೆಂದು ತಿಳಿಯುವುದು ಹೇಗೆ?

ನಳಿಗೆಯ ಒಳವ್ಯಾಸದಿಂದ ಬಾಯಿಯ ಒಳವ್ಯಾಸ ಕಳೆಯಿರಿ. ಉಳಿಯುವುದೇ ಚೋಕ್, ಅಂದರೆ ಚರೆಗಳು (ತೋಟೆಯೊಳಗಿನ ಸಣ್ಣ ಗುಂಡುಗಳು) ಬೇಗ ಚದುರದಂತೆ ಬಾಯಿಯ ಬಳಿ ಮಾಡಿರುವ ಇರುಕು. ಬಾಯಿಯನ್ನಷ್ಟೇ ಅಳೆದರೆ ಖಂಡಿತ ಮೋಸಹೋಗುತ್ತೀರಿ. 12 ಬೋರ್ ಎಂಬ ಗಾತ್ರದ ನಳಿಗೆಯ ಲೆಕ್ಕದ ಒಳವ್ಯಾಸ 0.729 ಇಂಚಾದರೂ ಹಳೆಯ ಕೋವಿಗಳಲ್ಲಿ ಅದು ಹೆಚ್ಚುಕಡಿಮೆ ಇರುತ್ತದೆ. ಬಾಯಿ 0.710, ಒಳಗೆ 0.730 ಇದ್ದರೆ ಇರುಕು 0.020, ಸುಮಾರು ಅರ್ಧ ಚೋಕ್, ಒಳಗೆ 0.720 ಇದ್ದರೆ ಅದೇ ಬಾಯಿ ಕಾಲು ಚೋಕ್ ಅಷ್ಟೇ.

ಕೋವಿ ಖಾಲಿಯಿದೆಯೆಂದು ಮೊದಲು ಕಣ್ಣಾರೆ ನೋಡಿ. ತೋಟೆ ತುಂಬುವ ತುದಿಯಿಂದ ಸುಮಾರು 9 ಇಂಚು ಮುಂದೆ ಒಳವ್ಯಾಸ ಅಳೆಯುವ ಸಾಧನವಾದ ಬೋರ್ ಗೇಜ್ ಇಳಿಸಿ ಅಳೆಯಿರಿ. ಎರಡೂ ನಳಿಗೆಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಸಾಮಾನ್ಯವಾಗಿ ಎಡದ್ದು ಹೆಚ್ಚು ಬಿಗಿ.

ಕೊನೆಯ ತೀರ್ಪು ಗುರಿಯಾಗಿಟ್ಟ ಕಾಗದದ್ದು: 40 ಗಜದಿಂದ ಹೊಡೆದಾಗ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬಿದ್ದರೆ ಫುಲ್ ಚೋಕ್. ಆದರೆ ಹಳೆಯ ನಳಿಗೆಯನ್ನು ಬಲ್ಲವರಿಗೆ ತೋರಿಸದೆ ದಯವಿಟ್ಟು ಹೊಡೆಯಬೇಡಿ.