ಮಾಳಿಗೆಯ ಮೇಲಿನ ಸಕ್ಯುಲೆಂಟ್‌ಗಳಿಗೆ ಥಂಡಿಯ ಕಾಟ

ಪ್ರಶ್ನೆ: ನಮ್ಮ ಮಾಳಿಗೆಯ ಮೇಲೆ ಜೇಡ್, ಎಚೆವೇರಿಯಾ, ಅಡೇನಿಯಂ ಸೇರಿ, ಎಲೆ-ಕಾಂಡಗಳಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳ ಹದಿನೈದು ಕುಂಡಗಳಿವೆ. ಕಳೆದ ಜನವರಿಯಲ್ಲಿ ಥಂಡಿ ತಾಗಬಾರದೆಂದು ಪ್ರತಿ ರಾತ್ರಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸುತ್ತಿದ್ದೆ. ಆದರೂ ಅಡೇನಿಯಂಗಳ ಎಲೆಗಳೆಲ್ಲ ಉದುರಿ, ಒಂದರ ಬುಡ ಕೊಳೆತುಹೋಯಿತು. ಜೇಡ್ ಎಲೆಗಳ ಅಂಚು ಕೆಂಪಾಯಿತು. ಈ ವರ್ಷ ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಅಡೇನಿಯಂ ಸತ್ತದ್ದು ಬರೀ ಥಂಡಿಯಿಂದಲ್ಲ, ಥಂಡಿಯ ಜೊತೆ ಸೇರಿದ ತೇವದಿಂದ. ನೀರು ಹೆಪ್ಪುಗಟ್ಟುವ ಸೀಮೆಗಳಲ್ಲಿ ಎಲೆಯೊಳಗಿನ ನೀರೂ ಹೆಪ್ಪುಗಟ್ಟಿ, ಜೀವಕೋಶಗಳು ಒಡೆದು, ಇಂಥ ಗಿಡಗಳು ಒಂದೇ ರಾತ್ರಿಯಲ್ಲಿ ನಾಶವಾಗುವುದುಂಟು. ಸುಮಾರು 750 ಮೀಟರ್ ಎತ್ತರದಲ್ಲಿರುವ ಧಾರವಾಡದಲ್ಲಿ ಆ ಭಯವಿಲ್ಲ. ಇಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 13-15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಅಪರೂಪಕ್ಕೆ ಇನ್ನೂ ಕೆಳಕ್ಕೆ ಇಳಿಯುತ್ತದೆ.

ಮೆಕ್ಸಿಕೊದ ಗುಡ್ಡಗಾಡಿನ ಎಚೆವೇರಿಯಾಕ್ಕೂ ದಕ್ಷಿಣ ಆಫ್ರಿಕಾದ ಜೇಡ್‌ಗೂ ಇಷ್ಟು ತಂಪು ಒಗ್ಗುತ್ತದೆ. ಜೇಡ್ ಎಲೆಯ ಅಂಚಿನ ಕೆಂಪು, ತಂಪು ರಾತ್ರಿ ಮತ್ತು ಚುರುಕು ಬಿಸಿಲು ಕೂಡಿದಾಗ ಎಲೆಯಲ್ಲಿ ಹೆಚ್ಚುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದು ರೋಗವಲ್ಲ, ಆ ಬಣ್ಣಕ್ಕಾಗಿಯೇ ಗಿಡವನ್ನು ಬಿಸಿಲಿಗಿಡುವವರಿದ್ದಾರೆ.

ಕಾಳಜಿ ಬೇಕಾದದ್ದು ಆಫ್ರಿಕಾ ಮತ್ತು ಅರೇಬಿಯಾದ ಬಿಸಿನೆಲದಿಂದ ಬಂದ ಅಡೇನಿಯಂಗೆ. ಥಂಡಿಯಲ್ಲಿ ಎಲೆ ಉದುರಿಸಿ ವಿಶ್ರಾಂತಿಗೆ ಹೋಗುವುದು ಅದರ ಸ್ವಭಾವ. ಎಲೆಯಿಲ್ಲದ ಗಿಡದ ಬೇರುಗಳು ನೀರನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ, ಎಂದಿನಂತೆ ಹಾಕಿದ ನೀರು ಕುಂಡದಲ್ಲೇ ಉಳಿದು ಬೇರು ಕೊಳೆಯುತ್ತದೆ. ಅದರ ಮೇಲೆ ನಿಮ್ಮ ತಾಡಪತ್ರಿ! ಬೆಳಿಗ್ಗೆ ಅದರ ಒಳಮೈ ನೋಡಿದ್ದರೆ ಸಾಲುಸಾಲಾಗಿ ನೀರಹನಿಗಳು ಕಾಣುತ್ತಿದ್ದವು. ಅವು ಮತ್ತೆ ಗಿಡದ ಮೇಲೆಯೇ ತೊಟ್ಟಿಕ್ಕುತ್ತವೆ. ಹೊದಿಸಲೇಬೇಕೆನಿಸಿದ ರಾತ್ರಿ ನಾಲ್ಕು ಕೋಲು ನೆಟ್ಟು, ಗಿಡಕ್ಕೆ ತಾಗದಂತೆ ಹಳೆಯ ಧೋತರ ಹರವಿ, ಸೂರ್ಯ ಮೂಡಿದೊಡನೆ ತೆಗೆಯಿರಿ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ, ದಕ್ಷಿಣದ ಬಿಸಿಲು ಬೀಳುವ ಗೋಡೆಗೆ ಹತ್ತಿಕೊಂಡಂತೆ ಕುಂಡಗಳನ್ನಿಡಿ. ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಹೊತ್ತು ಶಾಖ ಬಿಡುತ್ತಿರುತ್ತದೆ. ಕೆಳಗಿನ ತಟ್ಟೆ ತೆಗೆದು, ಎರಡು ಇಟ್ಟಿಗೆಗಳ ಮೇಲೆ ಕುಂಡ ಕೂರಿಸಿದರೆ ತಳದ ತೂತಿನಿಂದ ನೀರು ಸರಾಗ ಇಳಿಯುತ್ತದೆ. ನೀರು ಹಾಕುವ ಮುನ್ನ ಒಣ ಕಡ್ಡಿಯೊಂದನ್ನು ಮಣ್ಣಿನ ಆಳಕ್ಕೆ ಚುಚ್ಚಿ ತೆಗೆಯಿರಿ; ಮಣ್ಣು ಅಂಟಿ ಬಂದರೆ ಆ ದಿನ ನೀರು ಬೇಡ. ಹಾಕುವುದಾದರೆ ಬಿಸಿಲೇರಿದ ಮೇಲೆ ಹಾಕಿ, ಸಂಜೆ ಬೇಡ. ಎಲೆ ಉದುರಿದ ಅಡೇನಿಯಂಗೆ ತಿಂಗಳಿಗೊಮ್ಮೆ ಒಂದಿಷ್ಟು ಸಾಕು.

ಕುಂಡದಲ್ಲಿ ಎರೆಮಣ್ಣು ತುಂಬಿದ್ದರೆ ಈ ಎಚ್ಚರಿಕೆಗಳಿಂದ ಅರ್ಧವಷ್ಟೇ ಪ್ರಯೋಜನ, ಏಕೆಂದರೆ ಅದು ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮಸಾರಿ (ಕೆಂಪು) ಮಣ್ಣಿಗೆ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ದಪ್ಪ ಉಸುಕು ಮತ್ತು ಇಟ್ಟಿಗೆ ಚೂರು ಬೆರೆಸಿಕೊಳ್ಳಿ. ಆದರೆ ಗಟ್ಟಿಯಾಗಿರುವ ಗಿಡವನ್ನು ಈಗ ಕೀಳಬೇಡಿ. ಆ ಕೆಲಸಕ್ಕೆ ಮಾರ್ಚ್ ಒಳ್ಳೆಯದು.

ಉಳಿದ ಅಡೇನಿಯಂನ ಬುಡವನ್ನು ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ವಲ್ಪ ಸುಕ್ಕುಗಟ್ಟಿದ್ದರೆ ಚಿಂತೆಯಿಲ್ಲ. ಕಂದುಬಣ್ಣಕ್ಕೆ ತಿರುಗಿ, ಒತ್ತಿದಲ್ಲಿ ಒಳಕ್ಕೆ ಕುಸಿದು ನಾತ ಬಂದರೆ ಮಾತ್ರ ತಡಮಾಡದೆ ಕಿತ್ತು, ಬಿಳಿಯ ಭಾಗ ಕಾಣುವವರೆಗೆ ಕೊಳೆತದ್ದನ್ನು ಕತ್ತರಿಸಿ, ಒಂದು ವಾರ ನೆರಳಿನಲ್ಲಿ ಒಣಗಿಸಿ ಒಣ ಮಿಶ್ರಣದಲ್ಲಿ ನೆಡಿ. ಅದರ ಹಾಲು ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಳ್ಳಿ. ಹೊಸ ಚಿಗುರು ಬರುವುದು ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆಯೇ; ಅಲ್ಲಿಯವರೆಗೆ ಗೊಬ್ಬರ ಹಾಕಬೇಡಿ.