ಡ್ಯೂರೆನ್‌ಮಾಟ್: ನಾಟಕಕಾರನ ಪತ್ತೇದಾರಿ ಕಾದಂಬರಿಗಳು

ಪ್ರಶ್ನೆ: ‘ದಿ ವಿಸಿಟ್’ ನಾಟಕದ ಕರ್ತೃ, ಸ್ವಿಟ್ಜರ್ಲೆಂಡಿನ ಡ್ಯೂರೆನ್‌ಮಾಟ್ ಪತ್ತೇದಾರಿ ಕಾದಂಬರಿಗಳನ್ನೂ ಬರೆದರಂತೆ. ಅವರ ಬದುಕು, ಬರವಣಿಗೆಗಳ ಬಗ್ಗೆ ತಿಳಿಸುವಿರಾ?

ಉತ್ತರ: ಹೌದು, ಬರೆದರು. ಫ್ರೀಡ್ರಿಶ್ ಡ್ಯೂರೆನ್‌ಮಾಟ್ 1921ರ ಜನವರಿ 5ರಂದು ಬರ್ನ್ ಪ್ರಾಂತ್ಯದ ಕೊನೊಲ್ಫಿಂಗೆನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ತತ್ತ್ವಶಾಸ್ತ್ರದ ವ್ಯಾಸಂಗವನ್ನು ಪದವಿ ಪಡೆಯದೆಯೇ ಬಿಟ್ಟು ಬರವಣಿಗೆಗಿಳಿದರು. 1947ರಲ್ಲಿ ಜ್ಯೂರಿಕ್‌ನಲ್ಲಿ ಪ್ರದರ್ಶನಗೊಂಡ ಮೊದಲ ನಾಟಕವೇ ಗದ್ದಲ ಎಬ್ಬಿಸಿತು. ಸಂಸಾರ ನಡೆಸಲು ಹಣದ ಮುಗ್ಗಟ್ಟಿದ್ದ ಆ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದದ್ದು ‘ದಿ ಜಡ್ಜ್ ಅಂಡ್ ಹಿಸ್ ಹ್ಯಾಂಗ್‌ಮನ್’.

ಆದರೆ ಅವರ ಪತ್ತೇದಾರಿ ಕಾದಂಬರಿಗಳನ್ನು ಹೊಟ್ಟೆಪಾಡಿನ ಬರಹವೆಂದು ಬದಿಗಿಡುವುದು ತಪ್ಪು. 1958ರಲ್ಲಿ ಅವರು ಚಿತ್ರಕಥೆಯೊಂದನ್ನು ಬರೆದರು. ಅದರಲ್ಲಿ ಕೊಲೆಗಾರನನ್ನು ಹಿಡಿಯಲು ಪತ್ತೇದಾರ ಹೂಡಿದ ಉಪಾಯ ಫಲಿಸುತ್ತದೆ. ಆ ಮುಕ್ತಾಯ ಒಪ್ಪಿಗೆಯಾಗದೆ ಅದೇ ವರ್ಷ ‘ದಿ ಪ್ಲೆಡ್ಜ್’ ಎಂಬ ಕಾದಂಬರಿಯಾಗಿ ತಿದ್ದಿ ಬರೆದಾಗ, ಕೊಲೆಗಾರ ದಾರಿಯಲ್ಲೇ ಅಪಘಾತದಲ್ಲಿ ಸಾಯುತ್ತಾನೆ. ಅದನ್ನರಿಯದ ಪತ್ತೇದಾರ ಪೆಟ್ರೋಲ್ ಬಂಕಿನಲ್ಲಿ ಕಾಯುತ್ತಲೇ ಉಳಿಯುತ್ತಾನೆ. ಇದು ನನ್ನನ್ನು ಇಂದಿಗೂ ಕಾಡುವ ಚಿತ್ರ.

1956ರ ‘ದಿ ವಿಸಿಟ್’ನಲ್ಲಿಯೂ ಇಂಥದೇ ನಿಷ್ಠುರತೆಯಿದೆ. ತನ್ನನ್ನು ವಂಚಿಸಿದ ಇಲ್ ಎಂಬ ಅಂಗಡಿಕಾರನ ಪ್ರಾಣಕ್ಕೆ ಸಿರಿವಂತೆಯೊಬ್ಬಳು ಊರಿಗೆ ನೂರು ಕೋಟಿ ಕೊಡುವೆನೆಂದಾಗ ಎಲ್ಲರೂ ನಿರಾಕರಿಸುತ್ತಾರಾದರೂ, ಸಾಲ ಮಾಡಿ ಕೊಂಡ ಹೊಸ ಹಳದಿ ಬೂಟುಗಳು ಒಬ್ಬೊಬ್ಬರ ಕಾಲಲ್ಲೂ ಕಾಣತೊಡಗಿದಾಗ ಇಲ್‌ಗೆ ತನ್ನ ಗತಿ ತಿಳಿಯುತ್ತದೆ.

1962ರಲ್ಲಿ ‘ದಿ ಫಿಸಿಸಿಸ್ಟ್ಸ್’ ನಾಟಕ ಬಂತು. 1952ರಿಂದ ನೆಲೆಸಿದ್ದ ನ್ಯೂಶಾಟೆಲ್‌ನಲ್ಲಿಯೇ ಅವರು 1990ರ ಡಿಸೆಂಬರ್ 14ರಂದು ತೀರಿಕೊಂಡರು.