ಓದುಗರ ಪ್ರಶ್ನೆ: .308 ರೈಫಲ್‌ಗೆ ಯಾವ ತೋಟಾ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ಪರವಾನಗಿ ಪಡೆದು .308 ವಿಂಚೆಸ್ಟರ್ (ಗುಂಡಿನ ವ್ಯಾಸ 0.308 ಇಂಚು) ರೈಫಲ್ ಕೊಂಡಿದ್ದೇನೆ. ನಳಿಗೆಯ ಉದ್ದ 22 ಇಂಚು. ಬೇಟೆ ಜಿಂಕೆ ಮತ್ತು ಕಾಡುಹಂದಿಗೆ ಸೀಮಿತ. ದೂರ ಹೆಚ್ಚೆಂದರೆ 250 ಮೀಟರ್. ಎಷ್ಟೋ ಸಲ 50 ಮೀಟರಿಗಿಂತಲೂ ಕಡಿಮೆ. ಅಂಗಡಿಯಲ್ಲಿ 150, 165, 180 ಗ್ರೇನ್ ಎಂದು ಹತ್ತಾರು ಬಗೆಯ ಪೆಟ್ಟಿಗೆಗಳಿರುತ್ತವೆ. ಪ್ರತಿ ಸಲ ಸಿಕ್ಕಿದ್ದನ್ನು ತರುತ್ತೇನೆ, ಪ್ರತಿ ಸಲವೂ ಗುಂಡು ಬೇರೆ ಕಡೆ ಬೀಳುತ್ತದೆ. ಮನೆಯಲ್ಲಿ ತೋಟಾ ತುಂಬಿಕೊಳ್ಳುವ ಸಲಕರಣೆ ನನ್ನಲ್ಲಿಲ್ಲ. ಯಾವುದನ್ನು ಆರಿಸಲಿ?

ಉತ್ತರ: ಯಾವ ಪ್ರಾಣಿ, ಎಷ್ಟು ದೂರ ಎಂಬುದನ್ನು ನೀವೇ ಸ್ಪಷ್ಟವಾಗಿ ಬರೆದಿರುವುದರಿಂದ ನನ್ನ ಕೆಲಸ ಹಗುರವಾಯಿತು. ಈ ವಿಷಯದಲ್ಲಿ ಬರುವ ಹೆಚ್ಚಿನ ಪತ್ರಗಳು ಯಾವ ಕಂಪನಿಯದು ಒಳ್ಳೆಯದು ಎಂಬಲ್ಲಿಂದ ಶುರುವಾಗುತ್ತವೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗುಂಡು ಪ್ರಾಣಿಯ ಮೈಗೆ ತಾಗುವ ಹೊತ್ತಿಗೆ ಅದರ ವೇಗ ಎಷ್ಟಿರುತ್ತದೆ, ಆ ವೇಗವನ್ನು ತಡೆದುಕೊಂಡು ಒಳಗೆ ಹೋಗುವಂತೆ ಆ ಗುಂಡನ್ನು ಮಾಡಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು.

ತೂಕದ ಗೊಂದಲವನ್ನು ಮೊದಲು ಬಿಡಿಸೋಣ. ಗ್ರೇನ್ ಎಂಬುದು ತೂಕದ ಅಳತೆ, ಪೆಟ್ಟಿಗೆಯ ಮೇಲಿನ ಅಂಕಿ ಗುಂಡಿನ ತೂಕದ್ದು, ಮದ್ದಿನದಲ್ಲ; 7,000 ಗ್ರೇನ್ ಸೇರಿದರೆ ಒಂದು ಪೌಂಡ್. 150 ಗ್ರೇನ್ ಎಂದರೆ ಸುಮಾರು 9.7 ಗ್ರಾಂ, 180 ಗ್ರೇನ್ ಎಂದರೆ ಸುಮಾರು 11.7 ಗ್ರಾಂ. ಸಾಮಾನ್ಯ .308 ಫ್ಯಾಕ್ಟರಿ ತೋಟಾದಲ್ಲಿ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್, 165 ಗ್ರೇನ್ ಸುಮಾರು 820 ಮೀಟರ್, 180 ಗ್ರೇನ್ ಸುಮಾರು 800 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. ಲೆಕ್ಕ ಹಾಕಿದರೆ ಮೂರರ ಶಕ್ತಿಯೂ 3,600ರಿಂದ 3,700 ಜೂಲ್‌ಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಭಾರದ ಗುಂಡು ತಂದರೆ ಪೆಟ್ಟು ಜೋರಾಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಹೆಚ್ಚು ಆಧಾರವಿಲ್ಲ. ಇನ್ನೊಂದು ಮಾತನ್ನೂ ನೆನಪಿಡಿ: ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವನ್ನು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಅಳೆದಿರುತ್ತಾರೆ. ನಳಿಗೆ ಒಂದೊಂದು ಇಂಚು ಗಿಡ್ಡವಾದಂತೆ ಸೆಕೆಂಡಿಗೆ ಆರರಿಂದ ಎಂಟು ಮೀಟರ್ ವೇಗ ಇಳಿಯುತ್ತದೆ. ನಿಮ್ಮ 22 ಇಂಚಿನ ನಳಿಗೆಯಲ್ಲಿ ಹನ್ನೆರಡೋ ಹದಿನೈದೋ ಮೀಟರ್ ಕಡಿಮೆಯಾದೀತು, ಅದಕ್ಕೆ ಚಿಂತಿಸಬೇಕಾಗಿಲ್ಲ.

ಈಗ ಗುಂಡಿನ ರಚನೆಗೆ ಬರುತ್ತೇನೆ. ನಿಜವಾದ ವ್ಯತ್ಯಾಸವಿರುವುದು ಇಲ್ಲೇ. ಬೇಟೆಯ ಗುಂಡು ತಾಗಿದ ಕೂಡಲೇ ಅದರ ಮೂತಿ ಅಣಬೆಯ ಕೊಡೆಯಂತೆ ಅರಳಬೇಕು, ಅರಳಿದ ಮೇಲೂ ಚೂರಾಗದೆ ಹೃದಯ ಮತ್ತು ಶ್ವಾಸಕೋಶಗಳನ್ನು ದಾಟಿ ಹೋಗಬೇಕು. ಈ ಎರಡು ಬೇಡಿಕೆಗಳು ಒಂದನ್ನೊಂದು ಎಳೆಯುತ್ತವೆ: ಬೇಗ ಅರಳುವ ಮೆದು ಗುಂಡು ಬೇಗ ಒಡೆಯುತ್ತದೆ, ಒಡೆಯದ ಗಟ್ಟಿ ಗುಂಡು ವೇಗ ತಗ್ಗಿದಾಗ ಅರಳುವುದೇ ಇಲ್ಲ. ಸೀಸದ ತಿರುಳಿಗೆ ತಾಮ್ರದ ಕವಚ ತೊಡಿಸಿದ ಸಾಮಾನ್ಯ ಮೆದುಮೂತಿಯ ಗುಂಡು ಸೆಕೆಂಡಿಗೆ ಸುಮಾರು 550 ಮೀಟರ್ ವೇಗ ಉಳಿದಿರುವ ತನಕ ಚೆನ್ನಾಗಿ ಅರಳುತ್ತದೆ. ಇಡೀ ತಾಮ್ರದಿಂದಲೇ ಮಾಡಿದ ಗುಂಡಿಗೆ ಸುಮಾರು 600 ಮೀಟರ್ ಬೇಕು ಎಂದಿಟ್ಟುಕೊಳ್ಳುವುದು ಕ್ಷೇಮ. 250 ಮೀಟರ್ ದೂರದಲ್ಲಿ ನಿಮ್ಮ ಗುಂಡಿನಲ್ಲಿ ಸುಮಾರು 650 ಮೀಟರ್ ವೇಗ ಉಳಿದಿರುವುದರಿಂದ ಎರಡೂ ಬಗೆಯವು ನಿಮ್ಮ ಮಿತಿಯೊಳಗೆ ಕೆಲಸ ಮಾಡುತ್ತವೆ.

ಆದರೆ ನನಗೆ ಆತಂಕವಿರುವುದು ನಿಮ್ಮ 50 ಮೀಟರಿನ ಬಗ್ಗೆ. ದೂರದ ಪ್ರಾಣಿಗೆ ಗಟ್ಟಿ ಗುಂಡು ಬೇಕು, ಹತ್ತಿರದ್ದಕ್ಕೆ ಯಾವುದಾದರೂ ನಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಇದಕ್ಕೆ ಪೂರ್ತಿ ತಿರುಗುಮುರುಗು. ಹತ್ತಿರದಲ್ಲಿ ಗುಂಡಿನ ವೇಗ ಇನ್ನೂ ಇಳಿದಿರುವುದಿಲ್ಲವಾದ್ದರಿಂದ ಅದರ ಮೇಲೆ ಬೀಳುವ ಒತ್ತಡ ಅಲ್ಲೇ ಅತ್ಯಂತ ಹೆಚ್ಚು. ನಾನು ರೈಫಲ್ ಹಿಡಿದ ಮೊದಲ ವರ್ಷಗಳಲ್ಲಿ, ಪೆಟ್ಟಿಗೆಯ ಮೇಲಿನ ವೇಗದ ಅಂಕಿಗೆ ಮರುಳಾಗಿ, ತೆಳು ಕವಚದ ಹಗುರ ಗುಂಡಿನ ತೋಟಾ ತಂದು ನಲವತ್ತು ಹೆಜ್ಜೆ ದೂರದ ಗಂಡು ಹಂದಿಯ ಭುಜಕ್ಕೆ ಈಡು ಹೊಡೆದೆ. ಹಂದಿ ಮುಗ್ಗರಿಸಿ, ಎದ್ದು, ಪೊದೆಯೊಳಗೆ ನುಗ್ಗಿತು. ಒಣಗಿದ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಡುಗೆಂಪು ಹನಿ, ಒಂದು ಮುಳ್ಳುಗಿಡದ ಕಾಂಡಕ್ಕೆ ಮೊಣಕಾಲೆತ್ತರದಲ್ಲಿ ಒರೆಸಿದ ರಕ್ತ, ಅಷ್ಟೇ ಗುರುತು. ಅದು ಸಿಕ್ಕುವಷ್ಟರಲ್ಲಿ ಕತ್ತಲಾಗಿತ್ತು. ಮೈ ಸೀಳಿದಾಗ ಗುಂಡಿನ ಕವಚ ಹರಿದ ಸಿಪ್ಪೆಯಂತೆ ಭುಜದ ದಪ್ಪ ಚರ್ಮದ ಕೆಳಗೇ ಸಿಕ್ಕಿಕೊಂಡಿತ್ತು. ಸೀಸ ಪುಡಿಯಾಗಿ ಮಾಂಸದಲ್ಲಿ ಹರಡಿತ್ತು. ಶ್ವಾಸಕೋಶದವರೆಗೆ ತಲುಪಿದ್ದು ಒಂದೆರಡು ಚೂರು ಮಾತ್ರ. ಅಷ್ಟು ಹೊತ್ತು ಆ ಪ್ರಾಣಿ ಪಟ್ಟ ಯಾತನೆಗೆ ನನ್ನ ಆಯ್ಕೆಯೇ ಕಾರಣವಾಗಿತ್ತು.

ಈ ತೊಂದರೆ ಹೊಸದೇನಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಹೋಗಿದ್ದ ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್ ಅವರಿಗೂ ಇದೇ ಆಯಿತು: ಕೆಸರು ಮೆತ್ತಿದ ಚರ್ಮಕ್ಕೆ ತಾಗಿದ ಗುಂಡುಗಳು ಒಳಗೆ ಹೋಗದೆ ಒಡೆದವು. ಅವರು ಯೋಚಿಸಿ ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಭಾಗ ಅರಳಿ ಒಡೆದರೂ ಹಿಂದಿನ ಭಾಗ ಇಡಿಯಾಗಿ ಮುನ್ನುಗ್ಗುತ್ತದೆ. ಪಾರ್ಟಿಷನ್ ಎಂಬ ಹೆಸರಿನ ಆ ಗುಂಡು ಇಂದಿಗೂ ಫ್ಯಾಕ್ಟರಿ ತೋಟಾಗಳಲ್ಲಿ ಸಿಗುತ್ತದೆ. ಆಮೇಲೆ ಸೀಸದ ತಿರುಳನ್ನು ಕವಚಕ್ಕೆ ಬೆಸೆದ ಗುಂಡುಗಳು ಬಂದವು. ಪೆಟ್ಟಿಗೆಯ ಮೇಲೆ ‘ಬಾಂಡೆಡ್’ ಎಂದಿದ್ದರೆ ಅದರರ್ಥ ಇದೇ.

ಇಡೀ ತಾಮ್ರದ ಗುಂಡುಗಳದು ಇನ್ನೊಂದು ದಾರಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.9 ಗ್ರಾಂ, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ, ಉದ್ದ ಗುಂಡು ಗಾಳಿಯಲ್ಲಿ ನೆಟ್ಟಗೆ ಹೋಗಬೇಕಾದರೆ ಹೆಚ್ಚು ವೇಗವಾಗಿ ತಿರುಗಬೇಕು. .308 ನಳಿಗೆಗಳೊಳಗಿನ ಸುರುಳಿಗೆರೆ ಸಾಮಾನ್ಯವಾಗಿ 10 ಇಲ್ಲವೇ 12 ಇಂಚಿಗೆ ಒಂದು ಸುತ್ತು ತಿರುಗಿರುತ್ತದೆ. ನಿಮ್ಮದು 12 ಇಂಚಿನದಾದರೆ ತಾಮ್ರದಲ್ಲಿ ಒಂದು ಮೆಟ್ಟಿಲು ಹಗುರಕ್ಕೆ, ಅಂದರೆ 130ರಿಂದ 150 ಗ್ರೇನ್‌ಗೆ ಇಳಿಯಿರಿ. ಈ ಗುಂಡು ತನ್ನ ತೂಕವನ್ನು ಬಹುಪಾಲು ಉಳಿಸಿಕೊಳ್ಳುವುದರಿಂದ ಹಗುರವಾದರೂ ಆಳಕ್ಕೆ ಹೋಗುತ್ತದೆ. ಸೀಸದ ಸಣ್ಣ ಚೂರುಗಳು ಗಾಯದಿಂದ ದೂರಕ್ಕೂ ಸಿಡಿದಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತವೆ. ಮಾಂಸವನ್ನು ಮಕ್ಕಳೂ ತಿನ್ನುವ ಮನೆಯಾದರೆ ತಾಮ್ರವನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಲವೆಡೆ ಇದು ಕಾನೂನೂ ಹೌದು: ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ಡೆನ್ಮಾರ್ಕ್ 2024ರಲ್ಲಿ ರೈಫಲ್ ತೋಟಾಗಳಿಗೂ ಈ ನಿಷೇಧವನ್ನು ವಿಸ್ತರಿಸಿತು. ನೀವು ಬೇಟೆಯಾಡುವ ಸ್ಥಳದ ನಿಯಮವನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಹಾಗಾದರೆ ನಿಮ್ಮ ರೈಫಲ್‌ಗೆ ನನ್ನ ಸಲಹೆ ಇದು: ಸೀಸದ್ದಾದರೆ 165 ಗ್ರೇನ್ ತೂಕದ, ಬೆಸೆದ ತಿರುಳಿನ ಇಲ್ಲವೇ ಅಡ್ಡಗೋಡೆಯ ಗುಂಡು, ತಾಮ್ರದ್ದಾದರೆ 150 ಗ್ರೇನ್. ಜಿಂಕೆಯಷ್ಟೇ ಆಗಿದ್ದರೆ ಸಾದಾ ಮೆದುಮೂತಿಯ 150 ಗ್ರೇನ್ ಗುಂಡೇ ಸಾಕೆನ್ನುತ್ತಿದ್ದೆ, ಹಂದಿಯ ಭುಜವಿರುವುದರಿಂದ ಹಾಗೆನ್ನಲಾರೆ.

ಇನ್ನು ಗುಂಡು ಪ್ರತಿ ಸಲ ಬೇರೆ ಕಡೆ ಬೀಳುವ ವಿಷಯ. ತಪ್ಪು ನಿಮ್ಮ ಕೈಯದೂ ಅಲ್ಲ, ರೈಫಲ್ಲಿನದೂ ಅಲ್ಲ. ಮದ್ದು, ಗುಂಡಿನ ಆಕಾರ, ವೇಗ ಬದಲಾದರೆ ನಳಿಗೆ ಕಂಪಿಸುವ ರೀತಿಯೂ ಬದಲಾಗುತ್ತದೆ; ತೂಕ ಒಂದೇ ಆಗಿದ್ದರೂ ಎರಡು ಬಗೆಯ ತೋಟಾಗಳು 100 ಮೀಟರಿನಲ್ಲಿ ಹಲವು ಸೆಂಟಿಮೀಟರ್ ಬೇರೆ ಬೇರೆ ಜಾಗದಲ್ಲಿ ಬೀಳುವುದು ಸಹಜ. ಮೇಲೆ ಹೇಳಿದ ಬಗೆಯವುಗಳಲ್ಲಿ ಮೂರನ್ನು ಆರಿಸಿ, ಒಂದೊಂದು ಪೆಟ್ಟಿಗೆ ತನ್ನಿ. ರೈಫಲ್ಲನ್ನು ಮರಳಚೀಲದ ಮೇಲೆ ಇರಿಸಿ, 100 ಮೀಟರ್ ದೂರದ ಕಾಗದಕ್ಕೆ ಪ್ರತಿಯೊಂದರಲ್ಲೂ ಮೂರು ಮೂರು ಗುಂಡಿನ ಮೂರು ಗುಂಪುಗಳನ್ನು ಹೊಡೆಯಿರಿ. ಒಂದು ಗುಂಪಾದ ಮೇಲೆ ನಳಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿ. ಅದು ಪೂರ್ತಿ ತಣ್ಣಗಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ಸೀಸದ ಗುಂಡಿನಿಂದ ತಾಮ್ರದ ಗುಂಡಿಗೆ ಬದಲಾಯಿಸುವಾಗ ನಳಿಗೆಯನ್ನು ಚೆನ್ನಾಗಿ ಶುಚಿಮಾಡಿ, ಇಲ್ಲದಿದ್ದರೆ ಹಿಂದಿನ ಕವಚದ ಲೇಪ ಫಲಿತಾಂಶವನ್ನು ಕೆಡಿಸುತ್ತದೆ. ಒಂದೇ ಒಂದು ಚೆಂದದ ಗುಂಪನ್ನು ನಂಬಬೇಡಿ, ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿ. ಒಂಬತ್ತು ತೂತುಗಳೂ ಐದಾರು ಸೆಂಟಿಮೀಟರ್ ವೃತ್ತದೊಳಗಿದ್ದರೆ ನಿಮ್ಮ 250 ಮೀಟರಿನ ಕೆಲಸಕ್ಕೆ ಅದು ಧಾರಾಳವಾಯಿತು. ಜಿಂಕೆಯ ಎದೆಯ ಮರ್ಮಭಾಗ ಸುಮಾರು ಇಪ್ಪತ್ತು ಸೆಂಟಿಮೀಟರ್ ಅಗಲವಿರುತ್ತದೆ.

ಗೆದ್ದ ತೋಟಾದ ಹತ್ತು ಪೆಟ್ಟಿಗೆಗಳನ್ನು ಒಂದೇ ಸಲ, ಒಂದೇ ಲಾಟ್ ನಂಬರಿನವು (ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದವು) ಎಂದು ನೋಡಿ ತಂದಿಡಿ. ನಂಬರು ಪೆಟ್ಟಿಗೆಯ ಒಳಮಡಿಕೆಯ ಮೇಲೋ ಬದಿಯಲ್ಲೋ ಅಚ್ಚಾಗಿರುತ್ತದೆ. ಲಾಟ್ ಬದಲಾದಾಗ ಗುರಿಯನ್ನು ಮತ್ತೆ ಪರೀಕ್ಷಿಸಿಕೊಳ್ಳಿ. 165 ಗ್ರೇನ್ ಗುಂಡು 200 ಮೀಟರಿನಲ್ಲಿ ಸರಿಯಾಗಿ ಗುರಿಗೆ ಬೀಳುವಂತೆ ಹೊಂದಿಸಿದರೆ 100 ಮೀಟರಿನಲ್ಲಿ ಅದು ಸುಮಾರು ಐದು ಸೆಂಟಿಮೀಟರ್ ಮೇಲೆ ಹೋಗುತ್ತದೆ, 300 ಮೀಟರಿನಲ್ಲಿ ಒಂದು ಗೇಣಿಗೂ ಮಿಕ್ಕಿ ಕೆಳಗಿಳಿಯುತ್ತದೆ. ನಿಮ್ಮ ಮಿತಿಯನ್ನು 250ಕ್ಕೆ ಇಟ್ಟುಕೊಂಡಿರುವುದು ವಿವೇಕದ ನಿರ್ಧಾರ, ಅದನ್ನು ದಾಟಬೇಡಿ.

ಪ್ರಶ್ನೆ: ಹನ್ನೆರಡು ವರ್ಷ ಹಳೆಯ ತೋಟಾಗಳು ಕಪಾಟಿನಲ್ಲಿವೆ. ಬಳಸಬಹುದೇ?

ಉತ್ತರ: ತಂಪಾದ, ಒಣಗಿದ ಜಾಗದಲ್ಲಿದ್ದ ಫ್ಯಾಕ್ಟರಿ ತೋಟಾಗಳಿಗೆ ಹನ್ನೆರಡು ವರ್ಷ ಹೆಚ್ಚೇನಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ: ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ, ತೋಟಾದ ಕತ್ತು ಸೀಳಿದ್ದರೆ, ಗುಂಡು ಒಳಕ್ಕೆ ಕುಸಿದಿದ್ದರೆ ಅದನ್ನು ಬದಿಗಿಡಿ. ಕುದುರೆ (ಟ್ರಿಗರ್) ಎಳೆದರೂ ಈಡು ಸಿಡಿಯದಿದ್ದರೆ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾದ ನಂತರವೇ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ತೆರೆಯಿರಿ. ಶಬ್ದ ಮಾಮೂಲಿಗಿಂತ ಕ್ಷೀಣವಾಗಿ ಕೇಳಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿರುವ ಸಂಭವವಿದೆ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುವುದನ್ನು ಖಚಿತಪಡಿಸಿಕೊಳ್ಳದೆ ಇನ್ನೊಂದು ತೋಟಾ ಹಾಕಕೂಡದು.

ಪ್ರಶ್ನೆ: ಸೈನ್ಯದ ಮಾದರಿಯ, ಪೂರ್ತಿ ಕವಚವಿರುವ 7.62×51 ತೋಟಾಗಳು ಅಗ್ಗವಾಗಿ ಸಿಗುತ್ತವೆ. .308ರಲ್ಲಿ ಇವನ್ನು ಬೇಟೆಗೆ ಬಳಸಿದರೆ ತಪ್ಪೇನು?

ಉತ್ತರ: ದಯವಿಟ್ಟು ಬೇಡ. ಮೂತಿಯವರೆಗೂ ಕವಚ ಮುಚ್ಚಿದ ಗುಂಡು ಅರಳುವಂತೆ ಮಾಡಿದ್ದಲ್ಲ. ಎಷ್ಟೋ ಸಲ ಮೈಯೊಳಗೆ ಸೂಜಿಯಂತೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ಗಾಯವನ್ನು ಹೊತ್ತು ಓಡಿ ಎಲ್ಲೋ ನರಳಿ ಸಾಯುತ್ತದೆ. ಆಚೆ ಹೋದ ಗುಂಡು ಹಿಂದೆ ನಿಂತವರಿಗೂ ಅಪಾಯ. ದೊಡ್ಡ ಪ್ರಾಣಿಗಳ ಬೇಟೆಗೆ ಇಂಥ ಗುಂಡನ್ನು ಅನೇಕ ಕಡೆ ಕಾನೂನೇ ನಿಷೇಧಿಸಿದೆ. ಕಾಗದದ ಗುರಿಗೆ ಅಭ್ಯಾಸ ಮಾಡಲು, ನಿಮ್ಮ ರೈಫಲ್ ತಯಾರಕರ ಕೈಪಿಡಿ ಒಪ್ಪುವುದಾದರೆ, ಬಳಸಬಹುದು. ಹೊರನೋಟಕ್ಕೆ ಎರಡೂ ಒಂದೇ ತರಹ ಇದ್ದರೂ ಅವುಗಳಿಗಾಗಿ ಮಾಡಿದ ರೈಫಲ್‌ಗಳ ಮದ್ದಿನಕೋಣೆಯ (ತೋಟಾ ಕೂರುವ ಜಾಗದ) ಅಳತೆಗಳಲ್ಲಿ ಸಣ್ಣ ಅಂತರವಿದೆ. ಅಭ್ಯಾಸ ಮುಗಿಸಿ ಬೇಟೆಗೆ ಹೊರಡುವ ಹಿಂದಿನ ದಿನ ಜೇಬು ಮತ್ತು ಚೀಲಗಳನ್ನೆಲ್ಲ ಖಾಲಿ ಮಾಡಿ, ಪ್ರತಿ ತೋಟಾದ ಬುಡದಲ್ಲಿರುವ ಅಚ್ಚನ್ನು ಓದಿ, ಬೇಟೆಯ ತೋಟಾಗಳನ್ನು ಮಾತ್ರ ಜೊತೆಗಿಟ್ಟುಕೊಳ್ಳಿ.